ಓದಿದ್ದು 1,900 ಪುಸ್ತಕ, ಬರೆದದ್ದು 40 ಪುಟ

ಪ್ರಶ್ನೆ: ನನಗೆ 62 ವರ್ಷ. ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ 34 ವರ್ಷ ರೈಟರ್ ಆಗಿದ್ದೆ. ಈಗ ನಿವೃತ್ತಿ. ಎಂಟನೇ ಕ್ಲಾಸಿನಿಂದ ಓದಿನ ಹುಚ್ಚು. ಓದಿದ ಪುಸ್ತಕದ ಹೆಸರೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಎದುರಿಗೆ ಒಂದು ಸಾಲಿನ ಅಭಿಪ್ರಾಯ ಹಾಕುತ್ತೇನೆ. ಲೆಕ್ಕ 1,900 ದಾಟಿದೆ. ಒಂದು ಕಾದಂಬರಿ ಬರೆಯಬೇಕು ಅಂತ ಮೂರು ಸಲ ಶುರು ಮಾಡಿದೆ. ಮೂರು ಸಲವೂ 40 ಪುಟದ ಹತ್ತಿರ ನಿಂತುಹೋಯಿತು. ತೆಗೆದು ಓದಿದರೆ ನಾನು ಬರೆದ ಹಾಗೆ ಇಲ್ಲ, ನಾನು ಓದಿದವರೆಲ್ಲ ಸೇರಿ ಬರೆದ ಹಾಗಿದೆ. ಮಗಳು ‘ಅಪ್ಪಾ, ನೀವು ಓದಿದ್ದು ಜಾಸ್ತಿಯಾಯಿತು, ಒಂದು ವರ್ಷ ಓದುವುದು ಬಿಡಿ’ ಅನ್ನುತ್ತಾಳೆ. ಗೆಳೆಯರೊಬ್ಬರು ‘ತೋಟದ ಆಫೀಸಿನಲ್ಲಿ ಕೂತವನಿಗೆ ಕಾದಂಬರಿ ಬರೆಯುವಂಥ ಅನುಭವ ಎಲ್ಲಿಂದ ಬರಬೇಕು’ ಅನ್ನುತ್ತಾರೆ. ಇನ್ನೊಂದು ತೊಂದರೆ ಭಾಷೆಯದು. ನಮ್ಮ ಮನೆಮಾತು ಅರೆಭಾಷೆ. ತೋಟದಲ್ಲಿ ಐದಾರು ಭಾಷೆ. ಎಲ್ಲರನ್ನೂ ಪುಸ್ತಕದ ಕನ್ನಡದಲ್ಲಿ ಮಾತಾಡಿಸಿದರೆ ನಾಟಕದ ಹಾಗೆ ಕೇಳುತ್ತದೆ. (ನಮ್ಮಲ್ಲಿ ಒಬ್ಬರು ಯರವ ಬುಡಕಟ್ಟಿನ ಹೆಂಗಸು ಇದ್ದರು. ಸಂಬಳದ ದಿನ ಹೆಬ್ಬೆಟ್ಟು ಒತ್ತುವ ಮೊದಲು ‘ನನ್ನ ಹೆಸರು ಎಲ್ಲುಂಟು, ತೋರ್ಸಿ’ ಅನ್ನುತ್ತಿದ್ದರು. ತೋರಿಸಿದರೆ ಅದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನೋಡುತ್ತಿದ್ದರು. ಅವರು ತೀರಿಕೊಂಡ ಮೇಲೂ ಎರಡು ವಾರ ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಅವರ ಹೆಸರು ಬರೆದು ಹಾಜರಿ ಹಾಕಿಬಿಟ್ಟೆ, ಕೈ ಅಭ್ಯಾಸ. ಇಂಥವರ ಮಾತನ್ನು ಹೇಗೆ ಬರೆಯುವುದು ಅಂತ ಕೇಳಿದ್ದು.) ನಿಜವಾದ ಜನರನ್ನು ಬರೆದರೆ ಜಗಳಕ್ಕೆ ದಾರಿಯಾ? ಈ ವಯಸ್ಸಿನಲ್ಲಿ ನನ್ನಿಂದ ಆಗುತ್ತದಾ?

ಉತ್ತರ: ಮೊದಲು ಒಂದು ತಮಾಷೆ. 34 ವರ್ಷ ರೈಟರ್ ಆಗಿದ್ದವರು ‘ನಾನು ರೈಟರ್ ಆಗಬಹುದಾ’ ಅಂತ ಕೇಳುತ್ತಿದ್ದೀರಿ. ಕೊಡಗಿನ ಹೊರಗಿನವರಿಗೆ ಇದು ಅರ್ಥ ಆಗಲಿಕ್ಕಿಲ್ಲ. ನಮ್ಮ ತೋಟಗಳಲ್ಲಿ ಲೆಕ್ಕ, ಹಾಜರಿ, ಸಂಬಳ ನೋಡಿಕೊಳ್ಳುವ ಗುಮಾಸ್ತರಿಗೇ ರೈಟರ್ ಅನ್ನುವುದು. ತಮಾಷೆಯ ಮಾತಾದರೂ ಇದನ್ನು ಮರೆಯಬೇಡಿ, ಕೆಳಗೆ ಕೆಲಸಕ್ಕೆ ಬರುತ್ತದೆ.

ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ನಿಮ್ಮನ್ನು ಕಾಡುತ್ತಿರುವುದು ಒಂದೇ ಅಂತ ನನಗೆ ಅನ್ನಿಸಿತು. ಜೀವಮಾನ ಪೂರ್ತಿ ಓದಿದೆ, ಆ ಓದೇ ಈಗ ಅಡ್ಡ ಬಂತಾ ಅನ್ನುವುದು. ಬರಲಿಲ್ಲ. ಆದರೆ ನಿಮ್ಮ ಓದಿನಿಂದ ನೀವು ಬೇರೆ ಏನನ್ನೋ ನಿರೀಕ್ಷೆ ಮಾಡುತ್ತಿದ್ದೀರಿ.

ನಾನು ಎರಡೂವರೆ ದಶಕದಿಂದ ಬೇರೆಯವರ ಹಸ್ತಪ್ರತಿ ತಿದ್ದುವ ಕೆಲಸ ಮಾಡುತ್ತಿದ್ದೇನೆ, ನಡುವೆ ನನ್ನವೂ ಕೆಲವು ಕಾದಂಬರಿ ಬಂದಿವೆ. ನನ್ನ ಮೊದಲನೆಯದರ ಕಥೆ ಹೇಳುತ್ತೇನೆ. ಆಗ 26 ವರ್ಷ. 200 ಪುಟ ಬರೆದು, ತುಂಬಾ ಓದಿಕೊಂಡಿದ್ದ ಒಬ್ಬ ಹಿರಿಯರಿಗೆ ಕೊಟ್ಟೆ. ತಿಂಗಳಾದ ಮೇಲೆ ವಾಪಸು ಬಂತು. ಪುಟಪುಟಕ್ಕೂ ಕೆಂಪು ಗೆರೆ, ಗೆರೆಯ ಪಕ್ಕದಲ್ಲಿ ಆ ಸಾಲು ಯಾವ ಲೇಖಕರ ಧಾಟಿ ಅಂತ ಅವರ ಹೆಸರಿನ ಮೊದಲ ಅಕ್ಷರ! ಮೂರು ದಿನ ಅನ್ನ ಸೇರಲಿಲ್ಲ. ಆಮೇಲೆ ಸಿಟ್ಟಿನಲ್ಲೇ ತಿರುವಿ ಹಾಕುವಾಗ ಕಂಡದ್ದು, ನಡುವೆ ಎಲ್ಲೋ ಎರಡು ಪುಟ ಖಾಲಿ ಬಿಟ್ಟಿದ್ದಾರೆ. ಒಂದು ಗೆರೆಯೂ ಇಲ್ಲ. ಅದು ಅಮ್ಮ ಕಾಚಂಪುಳಿ ಕಾಯಿಸುವ ಭಾಗ. ಜಡಿಮಳೆಯಲ್ಲಿ ಪಣಂಪುಳಿ ಹಣ್ಣು ಬುಟ್ಟಿಯಲ್ಲಿ ಕೊಳೆತು ರಸ ಇಳಿಯುವುದು, ಅದನ್ನು ಕುದಿಸಿ ಕುದಿಸಿ ಟಾರಿನ ಹಾಗೆ ಕಪ್ಪಾಗಿಸುವುದು, ಆ ಹುಳಿ ಹಬೆಗೆ ಅಡುಗೆಮನೆಯಲ್ಲಿ ಎಲ್ಲರೂ ಕೆಮ್ಮುವುದು, ಅಮ್ಮ ಮಾತ್ರ ಸೆರಗಲ್ಲಿ ಮೂಗು ಮುಚ್ಚಿ ಸೌಟು ಬಿಡದೆ ನಿಂತಿರುವುದು. ನಾನು ಅದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಹಾಗಾಗಿ ಯಾರ ಧಾಟಿಯೂ ಸಿಗದೆ, ಕಂಡದ್ದನ್ನು ಕಂಡ ಹಾಗೆ ಬರೆದಿದ್ದೆ.

ನಿಮ್ಮ ಪತ್ರದಲ್ಲೂ ಅಂಥ ಒಂದು ಜಾಗ ಇದೆ. ಆವರಣ ಚಿಹ್ನೆಯೊಳಗೆ ಹಾಕಿದ್ದೀರಲ್ಲ, ಅದು. ಉಳಿದ ಪತ್ರ ಚೆನ್ನಾಗಿ ಓದಿಕೊಂಡ ಯಾರು ಬೇಕಾದರೂ ಬರೆಯಬಹುದಾದದ್ದು. ಹೆಸರಿನ ಮೇಲೆ ಬೆರಳಿಟ್ಟು ನೋಡುವ ಆ ಹೆಂಗಸನ್ನು ನೀವಲ್ಲದೆ ಬೇರೆ ಯಾರೂ ಬರೆಯಲಾರರು. ಅದನ್ನು ಭಾಷೆಯ ಬಗ್ಗೆ ಕೇಳುವಾಗ ಸುಮ್ನೆ ಒಂದು ಉದಾಹರಣೆ ಅಂತ ಹಾಕಿ ಮುಂದೆ ಹೋಗಿಬಿಟ್ಟಿರಿ.

ಈಗ ಮಗಳ ಮಾತಿಗೆ ಬರೋಣ. ಜಾಸ್ತಿ ಓದಿದರೆ ಸ್ವಂತದ್ದು ಸತ್ತುಹೋಗುತ್ತದೆ ಅನ್ನುವುದು ಬಹಳ ಜನರ ನಂಬಿಕೆ. ನನ್ನ ಕೈಗೆ ಬಂದ ಹಸ್ತಪ್ರತಿಗಳಲ್ಲಿ ನಾನು ಕಂಡದ್ದು ಬೇರೆ. ಕಡಿಮೆ ಓದಿದವರಲ್ಲೂ ಬೇರೆಯವರ ಧಾಟಿ ಇದ್ದೇ ಇರುತ್ತದೆ. ವ್ಯತ್ಯಾಸ ಇಷ್ಟೇ, ಅವರಿಗೆ ಅದು ಗೊತ್ತಾಗುವುದಿಲ್ಲ. ಮೂರು ಕಾದಂಬರಿ ಓದಿದವರು ಆ ಮೂರರ ಹಾಗೆ ಬರೆದು ‘ಇದು ನನ್ನದೇ’ ಅಂತ ಖುಷಿಯಲ್ಲಿರುತ್ತಾರೆ. ನಿಮಗೆ ಗೊತ್ತಾಗುತ್ತಿದೆ, ಅದಕ್ಕೇ ನೋವು. ಆ ನೋವು ಓದು ಕೊಟ್ಟ ಕಿವಿಯದು. ಅದನ್ನು ಕಳೆದುಕೊಳ್ಳಬೇಡಿ.

ಇದರ ಎದುರು ನಂಬಿಕೆಯೂ ಅಷ್ಟೇ ಸುಳ್ಳು. ಸಾಕಷ್ಟು ಓದಿದರೆ ಬರೆಯುವುದು ತಾನಾಗಿ ಬರುತ್ತದೆ ಅನ್ನುವುದು. ಹಾಗಿದ್ದಿದ್ದರೆ ಊರಿನ ಲೈಬ್ರೇರಿಯನ್‌ಗಳೆಲ್ಲ ಕಾದಂಬರಿಕಾರರಾಗಬೇಕಿತ್ತು. ಒಂದು ಪುಟ ಓದಲು ನಿಮಗೆ ಎರಡು ನಿಮಿಷ ಸಾಕು. ಅದೇ ಪುಟ ಬರೆಯಲು ಒಂದು ದಿನ ಹಿಡಿಯುತ್ತದೆ, ತಿದ್ದಲು ಇನ್ನೆರಡು. ಐವತ್ತು ವರ್ಷದ ಓದಿನಲ್ಲಿ ನಿಮ್ಮ ರುಚಿ ಬಹಳ ಮುಂದೆ ಹೋಗಿದೆ, ಕೈ ಮಾತ್ರ ಈಗ ತಾನೇ ಹೊರಟಿದೆ. ಜೊತೆಗೆ ನೀವು ಓದಿದ್ದೆಲ್ಲ ಮುಗಿದ ಕೆಲಸ. ಹೊಡೆದು ಹಾಕಿದ್ದು, ಹರಿದು ಬಿಸಾಡಿದ್ದು ಯಾವುದೂ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ನಿಮ್ಮ ಮೊದಲ ಕರಡನ್ನು ಇನ್ನೊಬ್ಬರ ಐದನೇ ಕರಡಿನ ಪಕ್ಕ ಇಟ್ಟು ಬೇಜಾರು ಮಾಡಿಕೊಳ್ಳುತ್ತಿದ್ದೀರಿ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನಿಂದ ಆಗಷ್ಟೇ ಬಂದ ಬೀಜವನ್ನು ಕುಡಿಯುವ ಕಾಫಿಯ ಜೊತೆ ಹೋಲಿಸುತ್ತಾರಾ ಯಾರಾದರೂ?

ಹಾಗಾದರೆ ಓದು ಮಾಡುವುದು ಏನು? ಓದಿನಿಂದ ಬರೆಯಬೇಕು ಅನ್ನುವ ಆಸೆ ಎರಡು ಥರ ಹುಟ್ಟುತ್ತದೆ. ಒಂದು, ಖುಷಿಯಿಂದ. ಪುಸ್ತಕ ಮುಚ್ಚಿ ‘ಅಬ್ಬಾ, ನಾನೂ ಹೀಗೆ ಬರೆಯಬೇಕು’ ಅನ್ನಿಸುವುದು. ಎಲ್ಲರೂ ಅಲ್ಲಿಂದಲೇ ಶುರು ಮಾಡುವುದು. ಆದರೆ ಆ ‘ಹೀಗೆ’ ಇದೆಯಲ್ಲ, ಅದೇ ನಕಲಿನ ಬೇರು. ಇನ್ನೊಂದು ಹುಟ್ಟುವುದು ತಕರಾರಿನಿಂದ. ಓದುತ್ತಾ ಓದುತ್ತಾ ಎಲ್ಲೋ ಒಂದು ಕಡೆ ‘ಇದು ಹೀಗಿರಲಿಲ್ಲ ಮಾರಾಯ್ರೇ’ ಅನ್ನಿಸುವುದು. ನನ್ನ ಅನುಭವದಲ್ಲಿ 300 ಪುಟದವರೆಗೆ ಎಳೆದುಕೊಂಡು ಹೋಗುವುದು ಈ ಎರಡನೆಯದೇ. ಖುಷಿ 40 ಪುಟಕ್ಕೆ ಖರ್ಚಾಗುತ್ತದೆ.

ನಿಮ್ಮ ನೋಟ್‌ಬುಕ್ ಈಗ ತೆಗೆಯಿರಿ. ಎದುರಿಗೆ ಒಂದೊಂದು ಸಾಲು ಬರೆದಿದ್ದೀರಲ್ಲ, ಹೊಗಳಿದ ಸಾಲುಗಳನ್ನು ಬಿಟ್ಟುಬಿಡಿ. ಸಿಡುಕಿದ್ದನ್ನು ಮಾತ್ರ ಬೇರೆ ಹಾಳೆಗೆ ಇಳಿಸಿ. ಕೊಡಗು ಬರುವ ಕಥೆಗಳ ಬಗ್ಗೆ ಏನು ಬರೆದಿದ್ದೀರಿ ಅಂತ ವಿಶೇಷವಾಗಿ ನೋಡಿ. ನನ್ನ ಊಹೆ ಹೇಳುತ್ತೇನೆ. ಮಂಜು, ಬೆಟ್ಟ, ಜೀಪಿನಲ್ಲಿ ಬರುವ ಯಜಮಾನ, ಕಾಫಿ ಹೂವಿನ ಘಮ, ಎಲ್ಲ ಸಿಗುತ್ತದೆ. ಶನಿವಾರ ಸಂಜೆ ಬಟವಾಡೆಗೆ ಕೂಲಿಯವರ ಲೈನ್ ಮನೆಯಿಂದ ಬಂದು ಆಫೀಸಿನ ಜಗಲಿಯಲ್ಲಿ ಸಾಲು ನಿಂತವರು ಸಿಗುವುದು ಕಡಿಮೆ. ಕಿಟಕಿಯ ಈ ಕಡೆ ಕೂತು ಅವರ ಹೆಸರು ಕೂಗುವ ರೈಟರಂತೂ ನನಗೆ ಸಿಕ್ಕೇ ಇಲ್ಲ. (ಅಂದ ಹಾಗೆ, ಮೊದಲ ಪುಟದಲ್ಲೇ ಕಾಫಿ ಹೂವಿನ ಘಮ ಬಂದರೆ ನಾನು ಕಣ್ಣುಮುಚ್ಚಿ ಹೊಡೆದು ಹಾಕುತ್ತೇನೆ. ಇದು ನನ್ನ ಹಳೇ ಹಟ.) ಗೆಳೆಯರು ಹೇಳಿದ ‘ಅನುಭವ ಎಲ್ಲಿಂದ’ ಅನ್ನುವುದಕ್ಕೂ ಇದೇ ಉತ್ತರ. ಯಾರು ಯಾವ ದಿನ ಕೆಲಸಕ್ಕೆ ಬರಲಿಲ್ಲ, ಯಾಕೆ ಬರಲಿಲ್ಲ, ಯಾರು ಮುಂಗಡ ಕೇಳಿದರು, ಮೇಸ್ತ್ರಿ ಯಾರ ಹೆಸರು ಬಿಡಲು ಹೇಳಿದ, ಇದೆಲ್ಲ 34 ವರ್ಷ ನಿಮ್ಮ ಕೈಯಲ್ಲಿ ಬರೆಸಿಕೊಂಡಿದೆ. ಹುಲಿ ಬೇಟೆಗೆ ಹೋದವರಿಗಿಂತ ಇದು ಕಡಿಮೆ ಅನುಭವವಾ?

40ನೇ ಪುಟಕ್ಕೆ ನಿಲ್ಲುವುದಕ್ಕೆ ಇನ್ನೊಂದು ಕಾರಣವೂ ಇದೆ. ಇದನ್ನು ಯಾರೂ ಹೇಳುವುದಿಲ್ಲ. ನಿಮಗೆ ತುಂಬಾ ಇಷ್ಟವಾದ ಒಂದು ಕಾದಂಬರಿ ನೆನಪು ಮಾಡಿಕೊಳ್ಳಿ. ಶುರು ಹೇಗಾಗುತ್ತದೆ ಅಂತ ಹೇಳಬಲ್ಲಿರಿ, ಕೊನೆಯೂ ಗೊತ್ತು. ನಡುವಿನ ಹದಿನೈದನೇ ಅಧ್ಯಾಯದಲ್ಲಿ ಏನಾಗುತ್ತದೆ ಹೇಳಿ ನೋಡೋಣ. ಬರುವುದಿಲ್ಲ, ಅಲ್ವಾ? ನನಗೂ ಬರುವುದಿಲ್ಲ. ಓದುವಾಗ ನಾವು ಶುರುವನ್ನು ಸವಿಯುತ್ತೇವೆ, ನಡುವಿನಲ್ಲಿ ಓಡುತ್ತೇವೆ, ಮುಂದೇನಾಯಿತು ಅನ್ನುವ ಅವಸರ. ಹಾಗಾಗಿ 1,900 ಪುಸ್ತಕ ಓದಿದವರ ತಲೆಯಲ್ಲಿ 1,900 ಶುರುಗಳಿರುತ್ತವೆ, ನಡು ಒಂದೂ ಇರುವುದಿಲ್ಲ. ಬರೆಯಲು ಕೂತಾಗ ನೆನಪು 40 ಪುಟದ ತನಕ ಕೈ ಹಿಡಿದು ನಡೆಸುತ್ತದೆ, ಆಮೇಲೆ ಕೈ ಬಿಡುತ್ತದೆ.

ಇದಕ್ಕೆ ನಾನು ಮಾಡಿಸುವ ಕೆಲಸ ಒಂದಿದೆ, ಅದು ನಿಮಗೆ ಹೇಳಿ ಮಾಡಿಸಿದ್ದು. ಉದ್ದನೆಯ ಲೆಕ್ಕದ ಪುಸ್ತಕ ತೆಗೆದುಕೊಳ್ಳಿ. ಎಡಗಡೆ ಮೇಲಿನಿಂದ ಕೆಳಕ್ಕೆ ಪಾತ್ರಗಳ ಹೆಸರು. ಮೇಲುಗಡೆ ತಾರೀಖಿನ ಜಾಗದಲ್ಲಿ ಅಧ್ಯಾಯದ ನಂಬರು. ಹೌದು, ಚೆಕ್‌ರೋಲೇ. ಇಷ್ಟವಾದ ಕಾದಂಬರಿಯೊಂದನ್ನು ಇಟ್ಟುಕೊಂಡು ಯಾವ ಅಧ್ಯಾಯದಲ್ಲಿ ಯಾರ ಹಾಜರಿ ಅಂತ ತುಂಬುತ್ತಾ ಹೋಗಿ. ಪಾತ್ರ ಬಂದು ಏನಾದರೂ ಬದಲಾಯಿಸಿದರೆ ಪೂರ್ತಿ ದಿನ, ಸುಮ್ನೆ ಬಂದು ಹೋದರೆ ಅರ್ಧ ದಿನ, ಬರಲೇ ಇಲ್ಲ ಅಂದರೆ ಖಾಲಿ. ಎರಡು ಪುಸ್ತಕಕ್ಕೆ ಹೀಗೆ ಮಾಡಿದರೆ ಸಾಕು, ಓದುವಾಗ ಕಾಣದ್ದು ಕಾಣಲು ಶುರುವಾಗುತ್ತದೆ. ನಡುವಿನಲ್ಲಿ ಯಾರೋ ಒಬ್ಬರು ಆರು ಅಧ್ಯಾಯ ಗೈರುಹಾಜರಾಗಿ ಏಳನೆಯದಕ್ಕೆ ಬಂದು ಎಲ್ಲ ತಲೆಕೆಳಗು ಮಾಡಿರುತ್ತಾರೆ. ಆಮೇಲೆ ನಿಮ್ಮ ಆ ಮೂರು 40 ಪುಟಗಳಿಗೂ ಚೆಕ್‌ರೋಲ್ ಬರೆಯಿರಿ. ಎಲ್ಲರಿಗೂ ಬರೀ ಅರ್ಧ ದಿನ ಬಿದ್ದಿದ್ದರೆ ಯಾಕೆ ನಿಂತಿತು ಅಂತ ನಿಮಗೇ ಗೊತ್ತಾಗುತ್ತದೆ.

ಓದು ಬಿಡಬೇಕಾ? ಪೂರ್ತಿ ಬಿಟ್ಟವರನ್ನು ನೋಡಿದ್ದೇನೆ. ಎರಡು ತಿಂಗಳಿಗೆ ಅವರ ಕನ್ನಡ ಒಣಗಿರುತ್ತದೆ, ಒಂದೇ ಥರದ ವಾಕ್ಯ ಬೀಳುತ್ತಿರುತ್ತದೆ. ಎಂದಿನ ಹಾಗೆ ಓದುತ್ತಾ ಬರೆದರೆ, ನಿನ್ನೆ ರಾತ್ರಿ ಓದಿದವರು ಇವತ್ತು ಬೆಳಿಗ್ಗೆ ನಿಮ್ಮ ಪೆನ್ನಿನಲ್ಲಿ ಕೂತಿರುತ್ತಾರೆ. ನಾನು ಮಾಡುವುದು ಹೀಗೆ. ಕರಡು ನಡೆಯುವಾಗ ಕನ್ನಡ ಕಾದಂಬರಿ ಮುಟ್ಟುವುದಿಲ್ಲ. ಹಳೇ ಕಾಗದ, ಆತ್ಮಕಥೆ, ಕಾಫಿ ಬೋರ್ಡಿನ ಕೈಪಿಡಿ, ಸಿಕ್ಕಿದ್ದು ಓದುತ್ತೇನೆ. ನಿಮಗೆ ಗೊತ್ತಿರುವುದೇ, ಕಾಫಿ ಮೊಗ್ಗಿಗೆ ಮೊದಲು ಸ್ವಲ್ಪ ದಿನ ಒಣ ಬೀಳಬೇಕು, ಗಿಡ ಬಾಯಾರಬೇಕು. ಆಮೇಲೆ ಹೂಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ಹೂ. ವರ್ಷ ಪೂರ್ತಿ ಸ್ಪ್ರಿಂಕ್ಲರ್ ಬಿಟ್ಟರೆ ಎಲೆ ಚೆನ್ನಾಗಿರುತ್ತದೆ, ಅಷ್ಟೇ. ಮಗಳು ಹೇಳಿದ್ದರಲ್ಲಿ ಇಷ್ಟು ನಿಜ ಇದೆ. ಆದರೆ ಒಂದು ವರ್ಷ ಬೇಡ, ಮೂರು ತಿಂಗಳು ಸಾಕು.

ಭಾಷೆಯ ಪ್ರಶ್ನೆಯೇ ನಿಜವಾಗಿ ಕಷ್ಟದ್ದು. ಕುವೆಂಪು ಅವರು ಎಳೆ ವಯಸ್ಸಿನಲ್ಲಿ ಇಂಗ್ಲಿಷ್ ಕವಿಗಳನ್ನು ಓದಿ ಓದಿ ಇಂಗ್ಲಿಷಿನಲ್ಲೇ ಬರೆಯುತ್ತಿದ್ದರು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅದನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದರು. ಈ ಕಥೆ ಎಲ್ಲರೂ ಹೇಳುತ್ತಾರೆ. ಆದರೆ ಕೊಡಗಿನವರಿಗೆ ಅದು ಅಷ್ಟು ಸಲೀಸಲ್ಲ. ನಿಮ್ಮ ಭಾಷೆ ಯಾವುದು? ಮನೆಯಲ್ಲಿ ಅರೆಭಾಷೆ, ಓದಿದ್ದು ಕನ್ನಡ, ಸಾಹುಕಾರರ ಜೊತೆ ಕೊಡವ ತಕ್ಕ್, ಅಂಗಡಿಯಲ್ಲಿ ಮಲಯಾಳ, ಲೈನಿನಲ್ಲಿ ತಮಿಳು, ತುಳು, ಯರವರ ಮಾತು.

ಒಂದು ದಾರಿ, ಇಡೀ ಕಾದಂಬರಿ ಅರೆಭಾಷೆಯಲ್ಲಿ ಬರೆಯುವುದು. ಲಿಪಿಯ ಚಿಂತೆ ಬೇಡ, ಕೊಡವ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ‘ಪಟ್ಟೋಲೆ ಪಳಮೆ’ ಅಂತ 1924ರಲ್ಲಿ ಅಚ್ಚು ಹಾಕಿಸಿದ್ದು ಕನ್ನಡ ಲಿಪಿಯಲ್ಲೇ. ಅರೆಭಾಷೆಗೆ ಮಡಿಕೇರಿಯಲ್ಲಿ ಅಕಾಡೆಮಿಯೂ ಇದೆ. ಆದರೆ ಓದುಗರು ಕಡಿಮೆ, ಮತ್ತು ನೀವು ಜೀವನವಿಡೀ ಓದಿದ್ದು ಆ ಭಾಷೆಯಲ್ಲಿ ಅಲ್ಲ. ಬರವಣಿಗೆಯ ಕಿವಿ ಹೊಸದಾಗಿ ಬೆಳೆಸಬೇಕಾಗುತ್ತದೆ. ಇನ್ನೊಂದು ದಾರಿ, ನಿರೂಪಣೆ ಬರಹದ ಕನ್ನಡ, ಮಾತು ಮಾತ್ರ ಅವರವರದು. ಬಹಳ ಜನ ಹೀಗೇ ಮಾಡುತ್ತಾರೆ. ಅಪಾಯ ಏನೆಂದರೆ, ಕೂಲಿಯವರ ಮಾತು ಮಾತ್ರ ಸೊಟ್ಟಗೆ, ಯಜಮಾನರ ಮಾತು ನೆಟ್ಟಗೆ ಬರುತ್ತದೆ. ಓದುವವರು ನಗಬಾರದ ಕಡೆ ನಗುತ್ತಾರೆ.

ನಿಮ್ಮ ಪತ್ರ ನೋಡಿದರೆ ನನಗೆ ಮೂರನೆಯದು ಹೊಳೆಯುತ್ತದೆ. ಕಥೆ ಹೇಳುವವನು ರೈಟರ್ ಆಗಲಿ. ಅವನ ಕಿವಿಗೆ ಬಿದ್ದದ್ದು ಮಾತ್ರ ಬರಲಿ. ಆ ಹೆಂಗಸು ತಮ್ಮವರ ಜೊತೆ ಏನು ಮಾತಾಡುತ್ತಿದ್ದರು ಅಂತ ನಿಮಗೆ ಗೊತ್ತಿಲ್ಲ, ಅದನ್ನು ಕಟ್ಟಲು ಹೋಗಬೇಡಿ. ನಿಮ್ಮ ಕಿಟಕಿಗೆ ಬಂದು ‘ನನ್ನ ಹೆಸರು ಎಲ್ಲುಂಟು’ ಅಂದದ್ದು ಗೊತ್ತು. ಅಷ್ಟನ್ನು ಅವರು ಅಂದ ಹಾಗೇ ಬರೆಯಿರಿ. ಮನೆಗೆ ಹೋದ ಮೇಲೆ ರೈಟರ್ ತನ್ನ ಹೆಂಡತಿಯ ಜೊತೆ ಅರೆಭಾಷೆಯಲ್ಲಿ ಮಾತಾಡಲಿ, ‘ಉಟ್ಟು’ ಅಂದರೆ ‘ಇದೆ’ ಅಂತ ಬೆಂಗಳೂರಿನವರಿಗೂ ಎರಡನೇ ಸಲಕ್ಕೆ ಅರ್ಥ ಆಗುತ್ತದೆ. ಅಡಿಟಿಪ್ಪಣಿ ಬೇಡ. ಇದರಲ್ಲೂ ಒಂದು ನಷ್ಟ ಇದೆ, ರೈಟರಿಗೆ ಗೊತ್ತಿಲ್ಲದ್ದು ಯಾವುದೂ ಕಾದಂಬರಿಯಲ್ಲಿ ಬರುವ ಹಾಗಿಲ್ಲ. ಲೈನ್ ಮನೆಯ ಬಾಗಿಲು ಹಾಕಿದ ಮೇಲೆ ಒಳಗೆ ಏನಾಯಿತು ಅಂತ ಹೇಳಲು ಆಗುವುದಿಲ್ಲ.

ನಿಜವಾದ ಜನರ ವಿಷಯ. ನಮ್ಮದು ಚಿಕ್ಕ ಜಿಲ್ಲೆ. ಹೆಸರು ಬದಲಾಯಿಸಿದರೆ ಸಾಕು ಅನ್ನುವುದು ಇಲ್ಲಿ ನಡೆಯುವುದಿಲ್ಲ. ‘ಹೊಳೆ ಪಕ್ಕದ ತೋಟ, ಒಂದು ಕಾಲು ಕುಂಟು’ ಅಂದರೆ ಸಾಕು, ಸಂತೆಯಲ್ಲಿ ಯಾರದು ಅಂತ ಹೇಳಿಬಿಡುತ್ತಾರೆ. ಮಾನನಷ್ಟದ ಕಾನೂನು ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ತೀರಿಕೊಂಡವರ ಬಗ್ಗೆ ಬರೆದದ್ದು ಮನೆಯವರಿಗೆ ನೋವಾಗುವ ಹಾಗಿದ್ದರೆ ಅದೂ ಅದರೊಳಗೆ ಬರಬಹುದು. ಆದರೆ ನಾನು ಕಂಡಂತೆ ಕೋರ್ಟಿಗೆ ಹೋದವರು ಕಡಿಮೆ, ಮದುವೆಮನೆಯಲ್ಲಿ ಮಾತು ಬಿಟ್ಟವರೇ ಜಾಸ್ತಿ. ಮೂವರು ಮೇಸ್ತ್ರಿಗಳನ್ನು ಸೇರಿಸಿ ಒಬ್ಬನನ್ನು ಮಾಡಿ. ತೋಟವನ್ನು ಬೇರೆ ಹೋಬಳಿಗೆ ಎತ್ತಿಕೊಂಡು ಹೋಗಿ. ಆ ಹೆಂಗಸಿನ ಮಕ್ಕಳು ಇದ್ದರೆ ಹೋಗಿ ಕೂತು ಮಾತಾಡಿ. ಒಪ್ಪಿಗೆ ಕೇಳುವುದಕ್ಕೆ ಅಂತ ಅಷ್ಟೇ ಅಲ್ಲ. ಅವರ ಅಮ್ಮ ಆ ಹೆಸರಿನ ಮೇಲೆ ಯಾಕೆ ಬೆರಳಿಡುತ್ತಿದ್ದರು ಅಂತ ಅವರಿಗೆ ಗೊತ್ತಿರಬಹುದು.

ವಯಸ್ಸಿನ ಪ್ರಶ್ನೆಗೆ ಜಾಸ್ತಿ ಜಾಗ ಕೊಡುವುದಿಲ್ಲ. ಕೊಡಗಿನ ಕೊನೆಯ ಅರಸನ ಮೇಲೆ ಮಾಸ್ತಿಯವರು ಬರೆದ ‘ಚಿಕವೀರ ರಾಜೇಂದ್ರ’ 1956ರಲ್ಲಿ ಬಂತು. ಅವರು ಹುಟ್ಟಿದ್ದು 1891ರಲ್ಲಿ. ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಬರುತ್ತದೆ. ಈ ಕಡೆ ಕೊಡಗಿನ ಗೌರಮ್ಮ 1912ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡರು. ಜೀವಮಾನದ ಓದು ಅನ್ನುವುದಕ್ಕೆ ಅವರಿಗೆ ಜೀವಮಾನವೇ ಸಿಗಲಿಲ್ಲ, ಆದರೂ ಅವರ ಕಥೆಗಳನ್ನು ಇವತ್ತಿಗೂ ಓದುತ್ತೇವೆ.

ಇನ್ನೊಂದು ಮಾತು ಹೇಳಲೋ ಬೇಡವೋ ಅಂತ ಯೋಚನೆ ಮಾಡಿದೆ. ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಅವರು ತೀರಿಕೊಂಡ ಮೇಲೂ ಎರಡು ವಾರ ಹಾಜರಿ ಹಾಕಿದೆ, ಕೈ ಅಭ್ಯಾಸ ಅಂತ ಬರೆದಿದ್ದೀರಿ. ಓದುಗರು ಅಲ್ಲಿ ನಿಲ್ಲುತ್ತಾರೆ. ಹಾಜರಿ ಹಾಕಿದ ಮೇಲೆ ಸಂಬಳ ಬಂದಿರಬೇಕು. ಹೆಬ್ಬೆಟ್ಟು ಒತ್ತಿದವರು ಯಾರು? ದುಡ್ಡು ಯಾರ ಕೈಗೆ ಹೋಯಿತು? ನನಗೆ ಉತ್ತರ ಬೇಡ. ನಿಜವಾಗಿ ಏನಾಯಿತು ಅನ್ನುವುದು ನಿಮ್ಮಲ್ಲೇ ಇರಲಿ. ಆದರೆ ನಿಮ್ಮ ಕಾದಂಬರಿಯ ರೈಟರಿಗೆ ಈ ಪ್ರಶ್ನೆ ಯಾರಾದರೂ ಕೇಳಬೇಕು. ಸುಮಾರು 40ನೇ ಪುಟದಲ್ಲಿ ಕೇಳಿದರೆ ಒಳ್ಳೆಯದು.

ಹಳೇ ಮೂರು ಕರಡುಗಳನ್ನು ಹರಿಯಬೇಡಿ, ಕಟ್ಟಿ ಅಟ್ಟಕ್ಕೆ ಹಾಕಿ. ಹೊಸದಾಗಿ 20 ಪುಟ ಬರೆಯಿರಿ, ಬಟವಾಡೆಯ ದಿನದಿಂದ ಶುರು ಮಾಡಿ. ಬರೆದು ಒಂದು ತಿಂಗಳು ನೋಡದೆ ಇಟ್ಟು, ಆಮೇಲೆ ಗಟ್ಟಿಯಾಗಿ ಓದಿ, ಮಗಳ ಎದುರು ಓದಿದರೆ ಇನ್ನೂ ಒಳ್ಳೆಯದು. ನಾಲಗೆ ಎಡವಿದ ಕಡೆಯೆಲ್ಲ ಬೇರೆ ಯಾರದೋ ವಾಕ್ಯ ಇರುತ್ತದೆ. ಆಮೇಲೆ ನನಗೆ ಕಳಿಸಿ. ಬಾಲ್‌ಪೆನ್ನಿನಲ್ಲಿ ಬರೆಯಿರಿ, ಜೆಲ್ ಪೆನ್ ಬೇಡ. ಜುಲೈಯ ತೇವಕ್ಕೆ ನನ್ನ ಒಂದು ಅಧ್ಯಾಯವೇ ನೀಲಿ ನೀರಾಗಿ ಹೋಗಿದೆ.